ಕುಚ್ಚು ಕಟ್ಟುತ್ತಾ ಪಾಠ ಕೇಳಿದವಳು

ಮಹಾನಂದಳ ಬಗ್ಗೆ ಬರೆಯುವ ಮೊದಲು ನನ್ನ ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ಇನ್ನೂ ಕಾದರೆ ನಾನೇ ರಿಟೈರ್ ಆಗಿ ಮನೆಯಲ್ಲಿ ಕೂತಿರುತ್ತೇನೆ, ಆಗ ಬರೆದರೆ ಯಾರಿಗೆ ಬೇಕು? ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಸ್ವಲ್ಪ ಹೊಂದಿಕೊಳ್ಳಬೇಕು.

ನಾನು ಚಾಮರಾಜಪೇಟೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮಕ್ಕಳು ಎದುರಿಗೆ ಶಿವರಂಜಿನಿ ಮಿಸ್ ಅನ್ನುತ್ತಾರೆ, ಬೆನ್ನ ಹಿಂದೆ ಮೆಣಸಿನಕಾಯಿ ಮಿಸ್ ಅನ್ನುತ್ತಾರೆ. ಕಿವಿ ಚೆನ್ನಾಗಿದೆ, ಎರಡೂ ಕೇಳಿಸುತ್ತದೆ. ನಮ್ಮಲ್ಲಿಗೆ ಬರುವವರು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಮಕ್ಕಳು, ಮನೆಗೆಲಸದವರ ಮಕ್ಕಳು, ಆಟೋದವರ ಮಕ್ಕಳು. ಅಪ್ಪ ಅಮ್ಮ ಗೇಟಿನ ತನಕ ಬಂದು, ಮಗುವಿನ ಬೆನ್ನಿಗೊಂದು ತಟ್ಟಿ, ತಿರುಗಿ ಓಡುತ್ತಾರೆ. ಓಡಲೇಬೇಕು, ಕೆಲಸಕ್ಕೆ ಹೊತ್ತಾಗಿರುತ್ತದೆ. 'ಈ ಜನಕ್ಕೆ ಮಕ್ಕಳ ಮೇಲೆ ಗಮನವೇ ಇಲ್ಲ' ಅಂತ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ಬೈಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಹಾನಂದ ಗೇಟಿನಿಂದ ಓಡಲಿಲ್ಲ. ಮಗಳು ಮಾನ್ಯಳನ್ನು ಎರಡನೆಯ ತರಗತಿಗೆ ಸೇರಿಸಲು ಬಂದ ದಿನ, ಸಹಿ ಹಾಕುವುದೆಲ್ಲ ಮುಗಿದ ಮೇಲೂ ನನ್ನ ಮೇಜಿನ ಮುಂದೆ ನಿಂತೇ ಇದ್ದಳು. ಮೂವತ್ತು ದಾಟಿದ ಹೆಂಗಸು. ಹಣೆಯಲ್ಲಿ ತೆಳುವಾಗಿ ವಿಭೂತಿ, ಕೈಯಲ್ಲಿ ಬಳೆ ಇಲ್ಲ, ಬೆರಳ ತುದಿಯಲ್ಲೆಲ್ಲ ದಾರ ಕೊಯ್ದ ಗೀರು.

"ಇನ್ನೇನಮ್ಮ?" ಅಂದೆ.

"ಮಿಸ್, ನಾನ್ ಮನೇಲಿ ಏನ್ ಮಾಡ್ಬೇಕು?"

"ಯಾವುದಕ್ಕೆ?"

"ಇವಳ ಓದಿಗೆ. ನಾನು ಎಸ್ಸೆಸ್ಸೆಲ್ಸಿಗೇ ನಿಂತೋಳು. ನನ್ನ ಕೈಲಿ ಆಗೋದ್ ಏನಾದ್ರೂ ಇದ್ರೆ ಹೇಳಿ."

ಇಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ದಿನಾ ಸಾಯಂಕಾಲ ಒಂದ್ ಪಾಠ ಜೋರಾಗಿ ಓದ್ಸಿ. ನೀವು ಕೂತು ಕೇಳಿ. ಅಷ್ಟೇ" ಅಂದೆ.

"ಅಷ್ಟೇನಾ?"

"ಅಷ್ಟೇ ಅಂತ ಅಂದ್ಕೊಂಡಿದೀರಲ್ಲ, ಒಂದ್ ವಾರ ಮಾಡಿ ಆಮೇಲ್ ಬಂದ್ ಹೇಳಿ!"

ಅವಳು ನಕ್ಕಳು. ವಾರ ಕಳೆದ ಮೇಲೆ ಬಂದು ಹೇಳಲೂ ಇಲ್ಲ, ಯಾಕೆಂದರೆ ನಿಲ್ಲಿಸಲೇ ಇಲ್ಲ. ಮಾನ್ಯ ನಾಲ್ಕನೆಯ ತರಗತಿಗೆ ಬರುವ ತನಕ ಒಂದು ಸಂಜೆಯೂ ತಪ್ಪಿಸದೆ ಕೇಳಿದಳು.

ಮಹಾನಂದಳ ತವರು ನಗರ್ತಪೇಟೆ. ಅಪ್ಪನಿಗೆ ಅಲ್ಲಿ ಜರಿ, ಲೇಸಿನ ಸಣ್ಣ ಅಂಗಡಿಯಿತ್ತು. ಕೈ ಚಾಚಿದರೆ ಎದುರು ಅಂಗಡಿಯ ಗಲ್ಲಾಪೆಟ್ಟಿಗೆ ಮುಟ್ಟಬಹುದಾದಂಥ ಓಣಿ. ದಾರದ ಬಣ್ಣ ನೋಡಿ ಅದು ಯಾವ ಸೀರೆಗೆ ಹೊಂದುತ್ತದೆ ಅಂತ ಹೇಳುವುದನ್ನು ಅವಳು ಕನ್ನಡ ಅಕ್ಷರಕ್ಕಿಂತ ಮೊದಲೇ ಕಲಿತಿದ್ದಳಂತೆ. ಗಂಡ ನಾಗಭೂಷಣ್ ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ನಲ್ಲಿದ್ದ. ಮಾತು ಕಡಿಮೆ, ಆದರೆ ಮಗಳನ್ನು ಮಾತ್ರ ಹೆಗಲ ಮೇಲಿಂದ ಇಳಿಸುತ್ತಿರಲಿಲ್ಲ. ಒಂದು ದಿನ ಗೋಡೌನಿನಿಂದ ಸೀರೆ ಬಂಡಲು ಹೊತ್ತು ಇಳಿಯುವಾಗ ಮೆಟ್ಟಿಲ ಮೇಲೇ ಕುಸಿದು ಕೂತವನು ಏಳಲಿಲ್ಲ. ಹೃದಯ ನಿಂತಿತ್ತು. ಗಂಡನ ಮನೆಯವರು ತಿಥಿ ಮುಗಿಯುವ ತನಕ ಚೆನ್ನಾಗಿಯೇ ಇದ್ದರು. ಆಮೇಲೆ ಇವಳು ಚಾಮರಾಜಪೇಟೆಯ ವಠಾರವೊಂದರಲ್ಲಿ ಒಂದು ಕೋಣೆ ಹಿಡಿದು, ಮಗಳನ್ನು ಕಾನ್ವೆಂಟಿನಿಂದ ಬಿಡಿಸಿ ನಮ್ಮಲ್ಲಿಗೆ ಕರೆತಂದಳು. ಹೊಟ್ಟೆಪಾಡಿಗೆ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಸೆರಗಿನ ತುದಿಗೆ ರೇಷ್ಮೆ ದಾರದ ಗೊಂಚಲು ಕಟ್ಟುವ ಕೆಲಸ. ಮದುವೆ ಸೀರೆಗಳೇ ಜಾಸ್ತಿ. ತಾನು ಹೋಗಲಾರದ ಮದುವೆಗಳಿಗೆಲ್ಲ ಸೆರಗು ಸಿಂಗರಿಸಿ ಕಳಿಸುತ್ತಿದ್ದಳು.

"ನಮ್ ಕಡೆ ಸ್ವಾಮಿಗಳು ಭಾಷಣದಲ್ಲಿ, ಗಂಡ ಸತ್ತೋಳು ಅಮಂಗಳ ಅನ್ನೋದೆಲ್ಲ ನಮ್ಮಲ್ಲಿಲ್ಲ ಅಂತಾರೆ ಮಿಸ್. ಮದುವೆ ಮನೇಲಿ ಮಾತ್ರ ಹಿಂದಿನ ಸಾಲು ತೋರಿಸ್ತಾರೆ" ಅಂತ ಒಮ್ಮೆ ಹೇಳಿದ್ದಳು. ಗೊಣಗಲಿಲ್ಲ, ಬಿಸಿಲು ಜಾಸ್ತಿ ಅನ್ನುವ ಹಾಗೆ ಹೇಳಿದಳು.

ನನ್ನದೊಂದು ಸೀರೆ ಕೊಡಲು ಹೋದ ಸಂಜೆ ಅವರ ಓದನ್ನು ಕಣ್ಣಾರೆ ನೋಡಿದೆ. ವಠಾರ ಹಳೆಯದು, ಮನೆ ಮನೆಯ ನಡುವಿನ ಗೋಡೆ ಸೂರಿನ ತನಕ ಹೋಗಿಲ್ಲ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನಬೇಕು. ಮಹಾನಂದ ಬಾಗಿಲ ಬೆಳಕಿಗೆ ಕೂತು ಸೆರಗನ್ನು ಮಂಡಿಯ ಮೇಲೆ ಹರಡಿ ಗಂಟು ಹಾಕುತ್ತಿದ್ದಳು. ಎದುರಿಗೆ ಮಾನ್ಯ, ಎರಡು ಜಡೆ, ಮುಂದಿನ ಹಲ್ಲು ಒಂದು ಬಿದ್ದಿದೆ, ಜೋರಾಗಿ ಓದುತ್ತಿದ್ದಾಳೆ. ತಾಯಿ ಪುಸ್ತಕದ ಕಡೆ ನೋಡುತ್ತಲೇ ಇಲ್ಲ. ನನಗೆ ರೇಗಿತು. ಇದೇನು ಕೇಳುವುದು, ಇವಳ ಧ್ಯಾನವೆಲ್ಲ ದಾರದ ಮೇಲಿದೆ ಅಂದುಕೊಂಡೆ. ಅಷ್ಟರಲ್ಲಿ ಮಗು ಒಂದು ಸಾಲು ಹಾರಿಸಿ ಓದಿತು. ಮಹಾನಂದಳ ಬೆರಳು ನಿಂತವು. ಒಂದು ಮಾತಿಲ್ಲ, ತಲೆಯೂ ಎತ್ತಲಿಲ್ಲ. ಮಾನ್ಯ ನಿಂತ ಬೆರಳು ನೋಡಿ, ನಾಲಿಗೆ ಕಚ್ಚಿ, ಹಿಂದಕ್ಕೆ ಹೋಗಿ ಬಿಟ್ಟ ಸಾಲನ್ನು ಓದಿದಳು. ಬೆರಳು ಮತ್ತೆ ಓಡತೊಡಗಿದವು.

"ಇದ್ಯಾವ ವಿದ್ಯೆ ತಾಯಿ?" ಅಂದೆ.

"ಕತೆ ಕಡಿದು ಹೋದ್ರೆ ಗೊತ್ತಾಗುತ್ತಲ್ಲ ಮಿಸ್" ಅಂದಳು. "ಬೈದ್ರೆ ಅಳ್ತಾಳೆ. ಇದಾದ್ರೆ ತಾನೇ ಹುಡುಕ್ತಾಳೆ."

ಅವಳಿಗೆ ಬೇರೆ ಆಸೆಗಳು ಇದ್ದವೋ ಇಲ್ಲವೋ ನನಗೆ ತಿಳಿಯದು. ಈ ಒಂದು ಹೊತ್ತಿಗೆ ಮಾತ್ರ ಅವಳ ಜೀವ ಅಂಟಿಕೊಂಡಿತ್ತು. "ಇಡೀ ದಿನದಲ್ಲಿ ಇದೊಂದೇ ನಂದು ಮಿಸ್, ಉಳಿದಿದ್ದೆಲ್ಲ ಅಂಗಡಿಯೋರದು" ಅನ್ನುತ್ತಿದ್ದಳು. ಮುಂದೆ ಕಳೆದುಕೊಂಡದ್ದೂ ಅದನ್ನೇ.

ಹೋದ ವರ್ಷ ಶಾಲೆಗೆ ಒಂದು ಯೋಜನೆ ಬಂತು. ಯಾವುದೋ ಸಂಸ್ಥೆಯವರದು. ಪೋಷಕರು ಮಕ್ಕಳ ಓದಿನಲ್ಲಿ ಎಷ್ಟು ಪಾಲ್ಗೊಳ್ಳುತ್ತಾರೆ ಅಂತ ಅಳೆಯಬೇಕಂತೆ. ಸಭೆಗೆ ಬಂದ ಪೋಷಕರ ಫೋಟೊ ಮೊಬೈಲಿನಲ್ಲಿ ಅವರ ಆ್ಯಪಿಗೆ ಹಾಕಬೇಕು, ಬಂದರೆ ಮಗುವಿನ ಹೆಸರು ಹಸಿರು, ಬರದಿದ್ದರೆ ಕೆಂಪು. ಅಳೆಯಲಿ, ನಾನೇನೂ ಬೇಡ ಅನ್ನುವುದಿಲ್ಲ. ಅಳೆಯದೆ ಬಿಟ್ಟರೆ ನಮ್ಮವರು ಕಡ್ಡಿ ಎತ್ತಿ ಆ ಕಡೆ ಇಡುವುದಿಲ್ಲ ಅಂತ ನನಗೂ ಗೊತ್ತು.

ನಮ್ಮ ಹೆಡ್‌ಮಿಸ್ಟ್ರೆಸ್ ಗಂಗರತ್ನಮ್ಮ ಮೇಡಂ. ಕೆಟ್ಟವರಲ್ಲ. ಈ ಮಾತನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೆ ನಿಜ. ಶಾಲೆಯ ನಲ್ಲಿ ಕೆಟ್ಟರೆ ತಾವೇ ಪ್ಲಂಬರನ್ನು ಹಿಡಿದುಕೊಂಡು ಬರುವ ಹೆಂಗಸು. ಮೊದಲ ಸಭೆಗೆ ಕರೆದಾಗ ಬಂದವರು ಬೆರಳೆಣಿಕೆ. ಅವರನ್ನೂ ಮಹಾನಂದಳೇ ಮನೆ ಮನೆಗೆ ಹೋಗಿ, ಒಬ್ಬರ ಅಂಗಡಿ ಕಾಯಲು ಇನ್ನೊಬ್ಬರನ್ನು ಒಪ್ಪಿಸಿ ಕರೆತಂದಿದ್ದಳು. ಮೊಬೈಲಿನಲ್ಲಿ ನಮ್ಮ ಶಾಲೆ ಕೆಂಪೋ ಕೆಂಪು. ಮೇಡಂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಮುಖ ಅರಳಿಸಿಕೊಂಡು ಬಂದರು.

"ಶಿವರಂಜಿನಿ, ನಮ್ ಹೆಂಗಸ್ರು ಮೀಟಿಂಗ್ ಅಂದ್ರೆ ಬರಲ್ಲ ಕಣ್ರೀ. ಅರಿಶಿನ ಕುಂಕುಮಕ್ಕೆ ಬನ್ನಿ ಅಂದ್ರೆ? ಕರೆದ ಮೇಲೆ ಇಲ್ಲ ಅನ್ನೋ ಹಾಗೇ ಇಲ್ಲ. ಶ್ರಾವಣ ಬೇರೆ ಬಂತು."

ಉಪಾಯ ಚೆನ್ನಾಗಿ ಹಿಡಿಯಿತು. ಶುಕ್ರವಾರ ಮಧ್ಯಾಹ್ನ ಶಾಲೆಯ ಹಾಲ್ ತುಂಬಿ ಹೋಯಿತು. ಜನ್ಮದಲ್ಲಿ ಗೇಟು ದಾಟದಿದ್ದವರೆಲ್ಲ ಒಳ್ಳೆ ಸೀರೆ ಉಟ್ಟು, ಮಕ್ಕಳ ಕೈ ಹಿಡಿದು ಬಂದರು. ಅರಿಶಿನ, ಕುಂಕುಮ, ಒಂದು ಮೊಳ ಹೂವು, ಬ್ಲೌಸ್ ಪೀಸು. ಮುಸ್ಲಿಂ ತಾಯಂದಿರಿಗೆ ಹೂವು, ಬಳೆ ಕೊಡುವುದು ಅಂತ ಮೇಡಂ ಮೊದಲೇ ಯೋಚಿಸಿಟ್ಟಿದ್ದರು, ಅವರೂ ಸಂತೋಷವಾಗಿ ಮುಡಿದುಕೊಂಡರು. ತಟ್ಟೆ ಬಂದ ಹಾಗೆ ಫೋಟೊ. ಗೋಡೆಯ ಮೇಲೆ ಮಕ್ಕಳ ಹೆಸರಿನ ದೊಡ್ಡ ಚಾರ್ಟು, ತಾಯಿ ಬಂದ ಮಗುವಿನ ಹೆಸರಿನ ಮುಂದೆ ಒಂದು ಕೆಂಪು ಸ್ಟಿಕ್ಕರ್ ಬಿಂದಿ. ಅದೂ ಮೇಡಂ ಯೋಚನೆಯೇ. ಎಲ್ಲರಿಗೂ ದಾರಿ ಮಾಡಿದ್ದ ಮೇಡಂ ಒಬ್ಬಳನ್ನು ಮರೆತಿದ್ದರು, ಮತ್ತು ಆ ಒಬ್ಬಳು ಈ ಸಲವೂ ಬೀದಿ ಬೀದಿ ಸುತ್ತಿ ಎಲ್ಲರನ್ನೂ ಕರೆದು ಬಂದವಳು.

ಮಹಾನಂದ ಮೂರನೆಯ ಸಾಲಿನಲ್ಲಿ ಮಾನ್ಯಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೂತಿದ್ದಳು. ತಟ್ಟೆ ಹಿಡಿದಿದ್ದವಳು ಐದನೆಯ ತರಗತಿ ಹುಡುಗನೊಬ್ಬನ ತಾಯಿ. ಇವಳ ಮುಂದೆ ಬಂದು ನಿಂತುಬಿಟ್ಟಳು. ಕೈ ಕುಂಕುಮದ ಬಟ್ಟಲಿಗೆ ಹೋಗಿತ್ತು, ಹಾಗೇ ನಿಂತಿತು. ಮಾನ್ಯ ತಲೆ ಎತ್ತಿ ನೋಡುತ್ತಿದ್ದಳು, ಈಗ ನಮ್ಮಮ್ಮನ ಸರದಿ ಅಂತ. ಮುಂದಿನ ಮೇಜಿನಿಂದ ಮೇಡಂ ಸಹಾಯ ಮಾಡಲು ಹೋದರು.

"ಅವ್ರಿಗೆ ಬರೀ ಬ್ಲೌಸ್ ಪೀಸ್ ಕೊಟ್ಟು ಮುಂದೆ ಹೋಗಮ್ಮ!"

ಹಾಲಿನಲ್ಲಿದ್ದ ತಲೆಗಳೆಲ್ಲ ತಿರುಗಿದವು. ಪಕ್ಕದವಳು ತನ್ನ ಸೆರಗನ್ನು ಈ ಕಡೆಯಿಂದ ಎಳೆದುಕೊಂಡಳು. ಫೋಟೊ ತೆಗೆಯುತ್ತಿದ್ದವರು ಮೊಬೈಲ್ ಇಳಿಸಿ, ತಟ್ಟೆಯ ಹಿಂದೆ ಹೋಗಿ ಮುಂದಿನವಳ ಫೋಟೊ ತೆಗೆದರು. ಮಹಾನಂದ ಬ್ಲೌಸ್ ಪೀಸನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಚಾರ್ಟಿನಲ್ಲಿ ಮಾನ್ಯಳ ಹೆಸರಿನ ಮುಂದೆ ಖಾಲಿ ಉಳಿಯಿತು. ನಾನು ಮೇಡಂ ಹತ್ತಿರ ಹೋಗಿ, "ಅವಳಮ್ಮ ಬಂದಿದ್ರಲ್ಲ, ಯಾಕೆ ಅಂಟಿಸಿಲ್ಲ?" ಅಂತ ಕೇಳಿದೆ.

"ಬಂದಿದ್ರು ರೀ. ಆದ್ರೆ ಬಿಂದಿ ಹೇಗ್ರೀ ಅಂಟಿಸೋದು? ಮನಸ್ಸು ಒಪ್ಪಲ್ಲ, ಅಪಚಾರ ಅನ್ಸುತ್ತೆ."

"ಗೋಡೆಗೆ ಯಾವ ಗಂಡ ಸತ್ತಿದಾನೆ ಮೇಡಂ?"

ಅವರು ನನ್ನ ಜತೆ ಮಾತು ಬಿಟ್ಟರು. ಬಿಡಲಿ ಅಂತ ನಾನೇ ಒಂದು ಬಿಂದಿ ತಂದು ಅಂಟಿಸಿದೆ. ಸಂಜೆ ನೋಡಿದರೆ ಕಿತ್ತು ಹಾಕಿದ್ದಾರೆ. ಯಾರು ಕಿತ್ತಿದ್ದು ಅಂತ ಕ್ಲಾಸಿನಲ್ಲಿ ಕೂಗಾಡಿದೆ. ಮಾನ್ಯ ಎದ್ದು ನಿಂತಳು.

"ನಾನೇ ಮಿಸ್. ಎಲ್ಲಾರೂ ನಗ್ತಾರೆ. ಬೇಡ ಮಿಸ್."

ಶ್ರಾವಣದ ಕೊನೆಯ ಶುಕ್ರವಾರ ಸಂಸ್ಥೆಯ ದೊಡ್ಡವರು ನೋಡಲು ಬರುತ್ತಾರೆ ಅಂತ ಗೊತ್ತಾಯಿತು. ಅವತ್ತು ಅರಿಶಿನ ಕುಂಕುಮದ ಜತೆಗೆ ಇನ್ನೊಂದು ಕಾರ್ಯಕ್ರಮ: ಪ್ರತಿ ಮಗು ತನ್ನ ತಾಯಿಯ ಪಕ್ಕ ಕೂತು ಒಂದು ಪಾಠ ಓದಿ ಹೇಳಬೇಕು. ನನಗೆ ಕುಣಿಯುವಷ್ಟು ಖುಷಿ. ಇಡೀ ಶಾಲೆಯಲ್ಲಿ ಆ ಕೆಲಸವನ್ನು ದಿನಾ ಮಾಡುವವಳು ಒಬ್ಬಳೇ. ಈಗ ಬರಲಿ, ಎಲ್ಲರೂ ನೋಡಲಿ ಅಂತ, ವಿಷಯ ತಿಳಿದ ಸಂಜೆಯೇ ವಠಾರಕ್ಕೆ ಹೋದೆ.

"ನೀನ್ ಬರ್ಲೇಬೇಕು ಕಣಮ್ಮ. ಕುಂಕುಮ ನಾನೇ ಕೊಡ್ತೀನಿ. ಯಾರ್ ಏನಂತಾರೋ ನೋಡೇ ಬಿಡ್ತೀನಿ."

ಮಹಾನಂದ ಸೂಜಿಗೆ ದಾರ ಪೋಣಿಸಿ ಮುಗಿಸಿದಳು.

"ನೀವ್ ಕೊಡ್ತೀರ ಮಿಸ್. ನಾನೂ ತಗೋತೀನಿ, ನಂಗೇನೂ ಭಯ ಇಲ್ಲ. ಆದ್ರೆ ನಾಳೆ ಅಲ್ಲಿ ಕೂತಿದ್ದೋರಲ್ಲಿ ಯಾರ ಗಂಡನಿಗೋ ಒಂದ್ ಜ್ವರ ಬರುತ್ತೆ. ಮಾನ್ಯನ ಅಮ್ಮ ಕುಂಕುಮ ತಗೊಂಡ್ಲಲ್ಲ, ಅದಕ್ಕೇ ಅಂತಾರೆ. ಆ ಮಾತು ನನ್ನ ಮುಂದೆ ಯಾರೂ ಆಡಲ್ಲ, ಇವಳ ಮುಂದೆ ಆಡ್ತಾರೆ. ಅದೇ ಕ್ಲಾಸಲ್ಲಿ ಕೂರ್ಬೇಕಾದೋಳು ಇವಳು."

ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು ಪಕ್ಕದ ಗೋಡೆಯ ಕಡೆ ಕಣ್ಣು ತೋರಿಸಿದಳು.

"ಪಕ್ಕದ್ಮನೆ ರಂಗಕ್ಕನ್ನ ಕೇಳಿದೀನಿ" ಅಂದಳು. "ಅವರು ಇವಳ ಅಮ್ಮ ಅಂತ ಬಂದು ಕೂತ್ಕೋತಾರೆ. ಒಂದ್ ದಿನ ತಾನೆ ಮಿಸ್. ಗೋಡೇಲಿ ಇವಳ ಹೆಸ್ರಿನ ಮುಂದೆ ಒಂದ್ ಚುಕ್ಕಿ ಬಿದ್ರೆ ಸಾಕು."

ಪಕ್ಕದ ಮನೆಯ ರಂಗನಾಯಕಿ ನನಗೂ ಗೊತ್ತು. ಗಂಡ ಶೀನಣ್ಣ ವಿಶ್ವೇಶ್ವರಪುರಂನ ತಿಂಡಿ ಅಂಗಡಿಯಲ್ಲಿ ಹೋಳಿಗೆ ಬೇಯಿಸುವವರು. ಮಕ್ಕಳಿಲ್ಲ. ಕುಂಕುಮಕ್ಕೆ ಎಲ್ಲರೂ ಕರೆಯುತ್ತಾರೆ, ಸೀಮಂತಕ್ಕೆ ಕರೆಯುವುದಿಲ್ಲ. ನಮ್ಮ ಹೆಂಗಸರು ಒಬ್ಬೊಬ್ಬರಿಗೂ ಒಂದೊಂದು ಬಾಗಿಲು ಮುಚ್ಚಿ ಇಟ್ಟಿರುತ್ತಾರೆ. ಆಕೆ ಒಳ್ಳೆಯವರು, ಪಾಪ. "ನಂಗ್ ನಾಟಕ ಬರಲ್ಲ ಮಿಸ್, ಆದ್ರೆ ಮಗೂಗೋಸ್ಕರ ಬರ್ತೀನಿ" ಅಂತ ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುವುತ್ತಾ ಹೇಳಿದರು.

"ಮಹಾನಂದ, ಇದು ತಪ್ಪು" ಅಂದೆ.

"ಗೊತ್ತು ಮಿಸ್. ನೀವು ಮಧ್ಯದಲ್ಲಿ ಬಾಯ್ ಹಾಕ್ಬಾರ್ದು. ಇವಳ ತಲೆ ಮುಟ್ಟಿ ಹೇಳಿ."

ಮುಟ್ಟಿಸಿಯೇ ಬಿಟ್ಟಳು. ಮೇಡಂಗೆ ವಿಷಯ ತಿಳಿಸಿದಾಗ ಅವರು ನನ್ನ ಮೇಲಿನ ಮುನಿಸು ಮರೆತು ನಿಟ್ಟುಸಿರು ಬಿಟ್ಟು, "ಅಯ್ಯೋ, ಯಾರೋ ಒಬ್ರು ಬಂದ್ರೆ ಸಾಕು ಕಣ್ರೀ, ನಮ್ಗೆ ನೂರಕ್ಕೆ ನೂರು ಆಗುತ್ತೆ" ಅಂದರು.

ಆ ಶುಕ್ರವಾರ ಮಹಾನಂದ ಬೆಳಿಗ್ಗೆಯೇ ಹಿಂದಿನ ಗೇಟಿನಿಂದ ಬಂದಳು. ಬಿಸಿಯೂಟದ ಅಡುಗೆಯವರಿಗೆ ಕೈಜೋಡಿಸುತ್ತೇನೆ ಅಂದಳು. ಅಡುಗೆ ಕೋಣೆಗೂ ಹಾಲಿಗೂ ನಡುವೆ ಇರುವುದು ಒಂದೇ ಗೋಡೆ, ಮೇಲೊಂದು ಜಾಲರಿ ಕಿಂಡಿ. "ಇಲ್ಲಿ ಕೂತ್ರೂ ಕೇಳ್ಸುತ್ತಲ್ಲ ಮಿಸ್" ಅಂತ ನನ್ನ ಮುಖ ನೋಡಿದಳು. ತಾಯಂದಿರಿಗೆ ಕೊಡುವ ಅರಿಶಿನ ಕುಂಕುಮದ ಪೊಟ್ಟಣಗಳಿಗೆಲ್ಲ ದಾರ ಸುತ್ತಿದ್ದು ಅವಳೇ. ಕೊಡುವುದಕ್ಕೆ ಬಾರದ ಕೈ, ಕಟ್ಟುವುದಕ್ಕೆ ಆಗುತ್ತಿತ್ತು. ಆಮೇಲೆ ಕೋಸಂಬರಿಗೆ ಕಾಯಿ ತುರಿಯಲು ತುರಿಮಣೆ ಹಾಕಿಕೊಂಡು ಕಿಂಡಿಯ ಕೆಳಗೇ ಕೂತಳು.

ಅತಿಥಿಗಳು ಬಂದರು. ತಟ್ಟೆ ಹೊರಟಿತು. ರಂಗನಾಯಕಿಯವರು ಹಸಿರು ಸೀರೆ ಉಟ್ಟು ಬಂದಿದ್ದರು, ತಟ್ಟೆ ಎಲ್ಲೂ ನಿಲ್ಲದೆ ಅವರನ್ನು ದಾಟಿ ಮುಂದೆ ಹೋಯಿತು. ಫೋಟೊ ಆಯಿತು. ಮಾನ್ಯ ಪಕ್ಕದಲ್ಲಿ ಬೊಂಬೆಯ ಹಾಗೆ ಕೂತಿದ್ದಳು. ಎರಡು ಜಡೆಯನ್ನು ಅಮ್ಮನೇ ಹೆಣೆದು ಕಳಿಸಿದ್ದಳು, ಹೂವು ಮಾತ್ರ ರಂಗನಾಯಕಿಯವರು ಮುಡಿಸಿದ್ದರು.

ಮಾನ್ಯಳ ಸರದಿ ಬಂತು. ಆಮೆ ಸಂತೆಗೆ ಹೋದ ಕತೆ. ಮನೆಯಲ್ಲಿ ಎಷ್ಟೋ ಸಲ ಓದಿದ ಪಾಠ. ಅರ್ಧ ಪುಟದ ತನಕ ಸಲೀಸಾಗಿ ಓದಿದವಳು ಜನರನ್ನು ನೋಡಿ ಗಾಬರಿಯಾಗಿ ಒಂದು ಸಾಲು ಹಾರಿಸಿದಳು. ಅವಳಿಗೂ ಏನೋ ತಪ್ಪಿತು ಅನಿಸಿರಬೇಕು. ಓದುತ್ತಲೇ ಕಣ್ಣು ಪಕ್ಕಕ್ಕೆ ಹೊರಳಿಸಿ ರಂಗನಾಯಕಿಯವರ ಕೈ ನೋಡಿದಳು. ಆ ಕೈ ಮೊದಲಿನಿಂದಲೂ ಮಡಿಲಲ್ಲಿ ಸುಮ್ಮನೇ ಬಿದ್ದಿತ್ತು. ಅದರಿಂದ ಮಗುವಿಗೆ ಏನು ತಿಳಿಯಬೇಕು?

ಅಷ್ಟು ಹೊತ್ತು ಗೋಡೆಯ ಹಿಂದೆ ಒಂದೇ ಸಮನೆ ಕೇಳುತ್ತಿದ್ದ ಕಾಯಿ ತುರಿಯುವ ಸದ್ದು ನಿಂತಿತು.

ಮಾನ್ಯ ತಲೆ ಎತ್ತಿದಳು. ಕಿಂಡಿಯ ಕಡೆ ನೋಡಿದಳು. ನಾಲಿಗೆ ಕಚ್ಚಿ, ಹಿಂದಕ್ಕೆ ಹೋಗಿ, ಬಿಟ್ಟ ಸಾಲನ್ನು ಓದಿದಳು. ತುರಿಮಣೆ ಮತ್ತೆ ಶುರುವಾಯಿತು. ಅಲ್ಲಿಂದ ಮುಂದಕ್ಕೆ ಆ ಹುಡುಗಿ ಎಷ್ಟು ಜೋರಾಗಿ ಓದಿದಳೆಂದರೆ ಗೇಟಿನ ಹೊರಗಿನ ಸೊಪ್ಪಿನವಳೂ ಇಣುಕಿ ನೋಡಿದಳು.

"ಮೆಲ್ಲಗೆ ಓದು ಪುಟ್ಟ, ನಿಮ್ಮಮ್ಮ ಪಕ್ಕದಲ್ಲೇ ಇದಾರಲ್ಲ" ಅಂತ ಬಂದಿದ್ದ ಅಧಿಕಾರಿ ನಕ್ಕರು. ಆಮೇಲೆ, "ಮನೇಲಿ ಯಾರು ಓದಿಸ್ತಾರೆ?" ಅಂತ ಕೇಳಿದರು.

"ಅಮ್ಮ."

"ಹೇಗೆ ಓದಿಸ್ತಾರೆ?"

"ಕುಚ್ಚು ಕಟ್ತಾ ಕೇಳ್ತಾರೆ. ನಾನ್ ತಪ್ಪು ಮಾಡಿದ್ರೆ ಕೈ ನಿಲ್ಲಿಸ್ತಾರೆ."

"ವೆರಿ ಗುಡ್! ಇಂಥ ತಾಯಿ ಬೇಕು ನೋಡಿ" ಅಂತ ಅವರು ರಂಗನಾಯಕಿಯವರಿಗೆ ಕೈ ಮುಗಿದರು. "ನೀವು ಕುಚ್ಚು ಕಟ್ತೀರಾ ಅಮ್ಮ?"

ರಂಗನಾಯಕಿಯವರು ಮುಖವೆಲ್ಲ ಬೆವರಿ, "ಹ್ಞೂಂ ಸರ್" ಅಂದರು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ನಿಜ ಗೊತ್ತಿತ್ತು. ಆ ಮಗುವಿನ ತಲೆ ಮುಟ್ಟಿದ ಕೈಯನ್ನು ಮುಷ್ಟಿ ಮಾಡಿಕೊಂಡು ಸುಮ್ಮನೆ ನಿಂತೆ. ನಾನು ಸುಮ್ಮನಿದ್ದದ್ದನ್ನು ನಮ್ಮ ಶಾಲೆಯವರು ಅದೇ ಮೊದಲು ನೋಡಿದ್ದು.

ಎಲ್ಲ ಮುಗಿದ ಮೇಲೆ ಅಡುಗೆ ಕೋಣೆಗೆ ಹೋದರೆ ಮಹಾನಂದ ಪಾತ್ರೆ ತೊಳೆಯುತ್ತಿದ್ದಳು. ಮುಖದಲ್ಲಿ ಬೆಳಕಿತ್ತು.

"ಕೇಳಿಸ್ತು ಮಿಸ್, ಎಲ್ಲಾ ಕೇಳಿಸ್ತು. ಮಧ್ಯದಲ್ಲಿ ಒಂದ್ ಸಾಲು ಬಿಟ್ಲು ನೋಡಿದ್ರಾ? ಆಮೇಲೆ ಸರಿ ಮಾಡ್ಕೊಂಡ್ಲು!"

ಅವಳ ಕತೆ ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನೂರಕ್ಕೆ ನೂರು ಬಂದ ಶಾಲೆಗೆ ಮುಂದಿನ ಮೆಟ್ಟಿಲು ಇರುತ್ತದಂತೆ. ಸಭೆಗೆ ಬಂದರೆ ಸಾಲದು, ಇನ್ನು ಮೇಲೆ ಮನೆಯಲ್ಲಿ ದಿನಾ ಸಂಜೆ ಮಗು ತಾಯಿಗೆ ಓದಿ ಹೇಳುವುದನ್ನು ವಿಡಿಯೋ ಮಾಡಿ ಕಳಿಸಬೇಕು. ಆ ಕೊನೆಯ ಶುಕ್ರವಾರದ ಫೋಟೊದಲ್ಲಿ ತಾಯಿ ಅಂತ ಮೊಬೈಲಿಗೆ ಸೇರಿದ ಮುಖವೇ ವಿಡಿಯೋದಲ್ಲೂ ಬರಬೇಕು. ಮಾನ್ಯಳ ತಾಯಿ ಅಂತ ಅದರಲ್ಲಿ ಕೂತಿದ್ದ ಮುಖ ರಂಗನಾಯಕಿಯವರದು, ಹಣೆ ತುಂಬ ಕುಂಕುಮ, ಹಸಿರು ಸೀರೆ.

ನಾನು ಮೇಡಂ ಕೋಣೆಗೆ ನುಗ್ಗಿ ಕಿರುಚಾಡಿದೆ. "ಒಂದ್ ದಿನ ಅಂದಿದ್ದು ಮೇಡಂ! ಹೆತ್ತೋಳು ಮನೇಲಿ ಇರೋವಾಗ ಪಕ್ಕದ್ಮನೇಲಿ ಕೂತು ಓದ್ಬೇಕಾ ಮಗು?"

ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಬಾರದು, ಇತ್ತು. "ಈಗ ಮುಖ ಬದಲಾಯ್ಸಿದ್ರೆ ಅವತ್ತು ಮಾಡಿದ್ದೆಲ್ಲ ಸುಳ್ಳು ಅಂತ ಆಗುತ್ತೆ ಶಿವರಂಜಿನಿ. ಶಾಲೆ ಮಾನ ಹೋಗುತ್ತೆ. ಆ ಮಗೂನೂ ಸುಳ್ಳಿ ಅಂತಾರೆ. ವರ್ಷ ಮುಗೀಲಿ, ಹೇಗೋ ಆಗುತ್ತೆ."

ಆ ಕೊನೆಯ ಮಾತೇ ಮಹಾನಂದಳ ಬಾಯಿಯನ್ನೂ ಮುಚ್ಚಿಸಿದ್ದು. ಮಗಳನ್ನು ಸುಳ್ಳಿ ಅನ್ನಬಾರದು. ದಿನಾ ಸಂಜೆ ಮಾನ್ಯ ಪುಸ್ತಕ ತೆಗೆದುಕೊಂಡು ಪಕ್ಕದ ಮನೆಗೆ ಹೋಗತೊಡಗಿದಳು. ಮೊದಲ ದಿನಗಳಲ್ಲಿ ವಿಡಿಯೋ ಮುಗಿದ ತಕ್ಷಣ ಓಡಿ ಬಂದು, ಅದೇ ಪಾಠವನ್ನು ಅಮ್ಮನಿಗೆ ಇನ್ನೊಮ್ಮೆ ಓದುತ್ತಿದ್ದಳಂತೆ. ಮಕ್ಕಳು ಒಂದೇ ಪಾಠ ಎರಡು ಸಲ ಎಷ್ಟು ದಿನ ಓದುತ್ತಾರೆ? ರಂಗನಾಯಕಿಯವರ ಮನೆಯಲ್ಲಿ ನಿಪ್ಪಟ್ಟು ಇತ್ತು, ಶೀನಣ್ಣ ತಂದ ಹೋಳಿಗೆ ಇತ್ತು, ಟಿವಿ ಇತ್ತು. ಅವರಿಗೂ ಸಂಜೆಯಾದರೆ ಬಾಗಿಲು ನೋಡುವ ಅಭ್ಯಾಸವಾಯಿತು. ಯಾರನ್ನು ಬೈಯಲಿ ನಾನು? ಬೈಯಲು ಇಷ್ಟು ಸಿದ್ಧವಾಗಿರುವವಳಿಗೆ ಬೈಯಲು ಒಬ್ಬರೂ ಸಿಗದಿದ್ದರೆ ಹೇಗಿರುತ್ತದೆ ಅಂತ ನಿಮಗೆ ಗೊತ್ತಿಲ್ಲ.

ಕಾರ್ತಿಕದಲ್ಲಿ ಒಂದು ಸಂಜೆ, ಕುಚ್ಚಿಗೆ ಕೊಟ್ಟಿದ್ದ ನನ್ನ ಇನ್ನೊಂದು ಸೀರೆ ತರಲು ವಠಾರಕ್ಕೆ ಹೋದೆ. ಮಹಾನಂದ ಬಾಗಿಲ ಹತ್ತಿರ ಯಾರದೋ ಮದುವೆ ಸೀರೆಗೆ ಗಂಟು ಹಾಕುತ್ತಾ ಕೂತಿದ್ದಳು. ಎದುರಿನ ಚಾಪೆ ಹಾಸಿಯೇ ಇತ್ತು, ಅದರ ಮೇಲೆ ಯಾರೂ ಇರಲಿಲ್ಲ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಕೂತುಕೊಳ್ಳಿ ಅಂತ ಸನ್ನೆ ಮಾಡಿದಳು. ಗೋಡೆಯ ಮೇಲಿನ ಸಂದಿಯಿಂದ ಮಾನ್ಯಳ ಧ್ವನಿ ಕೇಳುತ್ತಿತ್ತು. ಹೊಸ ಪಾಠ. ಓದಿನ ಓಟಕ್ಕೆ ಮಹಾನಂದಳ ಬೆರಳು ಓಡುತ್ತಿದ್ದವು.

ಆಚೆ ಕಡೆ ಮಾನ್ಯ ಒಂದು ಸಾಲು ಹಾರಿಸಿದಳು. ನನಗೂ ಗೊತ್ತಾಯಿತು, ಆ ಪಾಠ ಕಲಿಸಿದವಳು ನಾನೇ.

ಮಹಾನಂದಳ ಬೆರಳು ನಿಂತವು. ದಾರ ಹಿಡಿದ ಕೈಯನ್ನು ಹಾಗೇ ಮೇಲಕ್ಕೆ ಹಿಡಿದುಕೊಂಡು, ಗೋಡೆಯ ಕಡೆ ಕಿವಿಯಿಟ್ಟು ಕಾದಳು. ಮಾನ್ಯ ನಿಲ್ಲಲಿಲ್ಲ. ಓದಿಕೊಂಡು ಮುಂದೆ ಹೋದಳು. ಪುಟ ತಿರುಗಿಸಿದ ಸದ್ದಾಯಿತು. "ಎಷ್ಟ್ ಚೆನ್ನಾಗ್ ಓದ್ತೀಯೇ ನನ್ ಬಂಗಾರಿ" ಅಂದ ರಂಗನಾಯಕಿಯವರ ದನಿ ಕೇಳಿಸಿತು.

"ಕೂಗಿ ಹೇಳೇ, ಒಂದ್ ಸಾಲು ಬಿಟ್ಲು ಅಂತ" ಅಂದೆ.

ಮಹಾನಂದ ತಲೆಯಾಡಿಸಿದಳು.

"ಬೇಡ ಮಿಸ್" ಅಂದಳು, ಪಿಸುಮಾತಿನಲ್ಲಿ. "ವಿಡಿಯೋ ಆಗ್ತಿದೆ. ನನ್ ಧ್ವನಿ ಬಿದ್ಬಿಡುತ್ತೆ."